ಈ ಚೆಂಡು ನನ್ನದೇ? ಗಾಲ್ಫ್ ಆಟದ ನಡುವೆ ಚೆಂಡನ್ನು ಗುರುತಿಸುವ ಕ್ರಮ

ಟೀಯಿಂದ, ಅಂದರೆ ಆಟ ಆರಂಭಿಸುವ ಜಾಗದಿಂದ, ಹೊಡೆದ ಚೆಂಡಿನಿಂದಲೇ ಆ ಹೋಲನ್ನು (ಟೀಯಿಂದ ಚೆಂಡು ಕುಳಿಗೆ ಬೀಳುವವರೆಗಿನ ಆಟದ ಭಾಗವನ್ನು) ಮುಗಿಸಬೇಕು ಎಂಬುದು ಗಾಲ್ಫ್ ಆಟದ ಮೂಲ ನಿಯಮಗಳಲ್ಲೊಂದು. ನಿಯಮವೇ ಅನುಮತಿ ಕೊಟ್ಟಿರುವ ಕೆಲವು ಸಂದರ್ಭಗಳನ್ನು ಬಿಟ್ಟರೆ, ನಡುವೆ ಬೇರೊಂದು ಚೆಂಡನ್ನು ಆಡುವಂತಿಲ್ಲ. ಆದರೆ ಚೆಂಡು ಇನ್ನೂರು ಗಜ ದೂರ ಹೋಗಿ ಎತ್ತರದ ಹುಲ್ಲಿನಲ್ಲಿ ಬಿದ್ದ ಮೇಲೆ, ಅಲ್ಲಿ ಕಾಣುವ ಬಿಳಿಯ ವಸ್ತು ತಾನು ಹೊಡೆದ ಚೆಂಡೇ ಎಂದು ನಿರ್ಧರಿಸಬೇಕಾದವನು ಆಟಗಾರನೇ. ಬಹುತೇಕ ಪಂದ್ಯಗಳಲ್ಲಿ ಪ್ರತಿ ಹೊಡೆತವನ್ನು ನೋಡಿ ತೀರ್ಪು ಕೊಡುವ ರೆಫರಿ ಪಕ್ಕದಲ್ಲಿ ಇರುವುದಿಲ್ಲ. ಆದ್ದರಿಂದ ಚೆಂಡನ್ನು ಗುರುತಿಸುವ ಕೆಲಸವನ್ನು ಊಹೆಗೆ ಬಿಡದೆ, ಕ್ಲಬ್ ಬೀಸುವ ಮುನ್ನವೇ ಮಾಡಿ ಮುಗಿಸುವುದನ್ನು ಪ್ರತಿಯೊಬ್ಬ ಆಟಗಾರನೂ ರೂಢಿಸಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಎಂಬ ಎರಡು ಸಂಸ್ಥೆಗಳು ಸೇರಿ ಪ್ರಕಟಿಸುವ ಗಾಲ್ಫ್ ನಿಯಮಗಳು 2019ರಲ್ಲಿ ದೊಡ್ಡ ಪ್ರಮಾಣದಲ್ಲಿ ಬದಲಾದವು. 2023ರಲ್ಲಿ ಮತ್ತಷ್ಟು ತಿದ್ದುಪಡಿಗಳು ಬಂದವು. ಹಳೆಯ ನಿಯಮಗಳನ್ನು ಕಲಿತು ಆಡುತ್ತಿರುವ ಹಿರಿಯ ಆಟಗಾರರು ನಮ್ಮ ಕ್ಲಬ್‌ಗಳಲ್ಲಿ ಅನೇಕರಿರುವುದರಿಂದ, ಏನು ಬದಲಾಗಿದೆ ಎಂಬುದನ್ನು ಈ ಲೇಖನದಲ್ಲಿ ಅಲ್ಲಲ್ಲಿ ಸೂಚಿಸಿದ್ದೇನೆ.

ಮೊದಲ ಹಂತ: ಟೀಗೆ ಹೋಗುವ ಮುನ್ನ ಗುರುತು ಹಾಕಿ

ಅಂಗಡಿಯಲ್ಲಿ ಸಿಗುವ ಚೆಂಡುಗಳ ಮೇಲೆ ಕಂಪನಿಯ ಹೆಸರು, ಮಾದರಿಯ ಹೆಸರು ಮತ್ತು ಒಂದು ಅಂಕಿ ಇರುತ್ತವೆ. ಈ ಅಂಕಿ ಸಾಮಾನ್ಯವಾಗಿ 1ರಿಂದ 4ರವರೆಗಿನದು. ನಾಲ್ವರು ಸೇರಿ ಆಡುವಾಗ ಇಬ್ಬರ ಕೈಯಲ್ಲಿ ಒಂದೇ ಕಂಪನಿಯ, ಒಂದೇ ಮಾದರಿಯ, ಒಂದೇ ಅಂಕಿಯ ಚೆಂಡು ಇರುವುದು ಅಪರೂಪವೇನಲ್ಲ. ಆಟಗಾರರೆಲ್ಲರಿಗೂ ಒಂದೇ ಬಗೆಯ ಚೆಂಡಿನ ಪೆಟ್ಟಿಗೆಯನ್ನು ಉಡುಗೊರೆಯಾಗಿ ಹಂಚುವ ಕಾರ್ಪೊರೇಟ್ ಪಂದ್ಯಗಳಲ್ಲಂತೂ ಈ ಗೊಂದಲಕ್ಕೆ ಇನ್ನಷ್ಟು ಅವಕಾಶವಿದೆ. ಹೀಗಾಗಿ ಆಟಗಾರನು ತನ್ನ ಚೆಂಡಿನ ಮೇಲೆ ತನ್ನದೇ ಆದ ಗುರುತನ್ನು ಹಾಕಿಕೊಳ್ಳಬೇಕೆಂದು ನಿಯಮ 6.3 ಹೇಳುತ್ತದೆ. ಗುರುತು ಹಾಕದಿದ್ದರೆ ದಂಡವೇನೂ ಇಲ್ಲ. ಅದರ ಬೆಲೆ ಗೊತ್ತಾಗುವುದು ಮುಂದೆ, ಎರಡು ಒಂದೇ ತೆರನಾದ ಚೆಂಡುಗಳು ಎದುರಿಗೆ ಬಿದ್ದಾಗ.

ಅಳಿಸಿಹೋಗದ ಶಾಯಿಯ ಮಾರ್ಕರ್ ಪೆನ್ನು ಈ ಕೆಲಸಕ್ಕೆ ಸಾಕು. ಹೆಸರಿನ ಮೊದಲ ಅಕ್ಷರವನ್ನಾಗಲಿ, ಅಂಕಿಯ ಮೇಲೆ ಮತ್ತು ಕೆಳಗೆ ಬಣ್ಣದ ಚುಕ್ಕೆಗಳನ್ನಾಗಲಿ ಹಾಕಬಹುದು. ಪಟ್ ಮಾಡುವಾಗ (ಕುಳಿಯತ್ತ ಚೆಂಡನ್ನು ಮೆಲ್ಲಗೆ ಉರುಳಿಸುವಾಗ) ಗುರಿ ನೋಡಲು ಎಳೆಯುವ ನೇರ ಗೆರೆಯೊಂದನ್ನೇ ಗುರುತೆಂದು ನಂಬಬೇಡಿ. ಅಂಥ ಗೆರೆ ಅನೇಕರ ಚೆಂಡುಗಳ ಮೇಲೆ ಇರುತ್ತದೆ. ಗುರುತನ್ನು ಒಂದೇ ಕಡೆ ಹಾಕುವ ಬದಲು ಮೂರು ನಾಲ್ಕು ಕಡೆ ಹಾಕುವುದು ಲೇಸು. ಚೆಂಡು ಹೇಗೆ ಉರುಳಿ ನಿಂತರೂ ಒಂದು ಗುರುತಾದರೂ ಮೇಲ್ಮುಖವಾಗಿ ಕಾಣುವಂತಿದ್ದರೆ ಅದನ್ನು ಎತ್ತಿ ನೋಡುವ ಅಗತ್ಯವೇ ಬೀಳುವುದಿಲ್ಲ, ಎತ್ತದ ಚೆಂಡಿನ ವಿಷಯದಲ್ಲಿ ತಪ್ಪು ಮಾಡುವ ಪ್ರಶ್ನೆಯೂ ಹುಟ್ಟುವುದಿಲ್ಲ. ಚಾಕುವಿನಿಂದ ಗೀರಿ ಗುರುತು ಮಾಡುವುದು ಮಾತ್ರ ಬೇಡ. ಚೆಂಡಿನ ಹಾರಾಟದ ಗುಣವನ್ನು ಬದಲಿಸುವಂತೆ ಅದರ ಮೇಲ್ಮೈಯನ್ನು ಬೇಕೆಂದೇ ಕೆಡಿಸುವುದನ್ನು ನಿಯಮ 4.2 ನಿಷೇಧಿಸುತ್ತದೆ.

ಚೀಲದಲ್ಲಿರುವ ಎಲ್ಲ ಚೆಂಡುಗಳಿಗೂ ಮನೆಯಲ್ಲೇ ಗುರುತು ಹಾಕಿಬಿಡಿ. ಮೊದಲ ಟೀಯಲ್ಲಿ ನಿಂತು ಜೊತೆಯವರಿಗೆ ನಿಮ್ಮ ಚೆಂಡಿನ ಕಂಪನಿ, ಅಂಕಿ ಮತ್ತು ಗುರುತನ್ನು ಹೇಳಿ, ಅವರದನ್ನೂ ಕೇಳಿಕೊಳ್ಳಿ. ನಡುವೆ ಚೆಂಡು ಬದಲಿಸಿದರೆ ಮತ್ತೊಮ್ಮೆ ಹೇಳಿ.

ಚೆಂಡಿನ ಮೇಲಿನ ಅಚ್ಚನ್ನು ಎಷ್ಟು ಸೂಕ್ಷ್ಮವಾಗಿ ನೋಡಬೇಕಾಗುತ್ತದೆ ಎಂಬುದಕ್ಕೆ ವೃತ್ತಿಪರ ಆಟದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. 2019ರ ನವೆಂಬರ್‌ನಲ್ಲಿ ಮೆಕ್ಸಿಕೊದ ಮಾಯಾಕೋಬಾದಲ್ಲಿ ನಡೆದ ಪಂದ್ಯದ ಎರಡನೆಯ ಸುತ್ತಿನ ನಂತರ, ಅಮೆರಿಕದ ರಸೆಲ್ ಹೆನ್ಲಿ ತಾವು ಆಡಿದ ಚೆಂಡುಗಳಲ್ಲೊಂದರ ಅಚ್ಚಿನ ಬಳಿ ಇದ್ದ ಸಣ್ಣ ಗೆರೆಯೊಂದು ತಮ್ಮ ಮಾಮೂಲಿ ಚೆಂಡಿನಲ್ಲಿ ಇಲ್ಲವೆಂಬುದನ್ನು ಗಮನಿಸಿ, ತಾವಾಗಿಯೇ ಅಧಿಕಾರಿಗಳಿಗೆ ತಿಳಿಸಿದರು. ಒಂದು ಸುತ್ತಿನಲ್ಲಿ ಒಂದೇ ಮಾದರಿಯ ಚೆಂಡನ್ನು ಬಳಸಬೇಕೆಂಬ ಸ್ಥಳೀಯ ನಿಯಮ ಅಲ್ಲಿ ಜಾರಿಯಲ್ಲಿತ್ತು. ಆ ಚೆಂಡನ್ನು ಬಳಸಿದ ನಾಲ್ಕು ಹೋಲ್‌ಗಳಿಗೆ ತಲಾ ಎರಡರಂತೆ ಅವರಿಗೆ ಎಂಟು ದಂಡ ಹೊಡೆತಗಳು (ದಂಡವಾಗಿ ಸ್ಕೋರಿಗೆ ಸೇರಿಸುವ ಹೊಡೆತಗಳು) ಬಿದ್ದವು. ಕ್ಲಬ್ ಮಟ್ಟದ ಆಟಕ್ಕೆ ಆ ಸ್ಥಳೀಯ ನಿಯಮ ಸಾಮಾನ್ಯವಾಗಿ ಅನ್ವಯಿಸುವುದಿಲ್ಲವಾದರೂ, ಟೀಯ ಮೇಲೆ ಇಡುವ ಮುನ್ನ ಚೆಂಡಿನ ಅಚ್ಚನ್ನು ಓದುವುದು ಎಲ್ಲರಿಗೂ ಒಳ್ಳೆಯದು.

ಎರಡನೆಯ ಹಂತ: ಮೂರು ನಿಮಿಷಗಳ ಹುಡುಕಾಟ

ಹಿಂದೆ ಚೆಂಡನ್ನು ಹುಡುಕಲು ಐದು ನಿಮಿಷಗಳ ಅವಕಾಶವಿತ್ತು. 2019ರಿಂದ ಅದು ಮೂರು ನಿಮಿಷಗಳಿಗೆ ಇಳಿದಿದೆ. ಆಟಗಾರನಾಗಲಿ ಆತನ ಚೀಲ ಹೊತ್ತು ನೆರವಾಗುವ ಕ್ಯಾಡಿಯಾಗಲಿ ಹುಡುಕಲು ಆರಂಭಿಸಿದ ಕ್ಷಣದಿಂದ ಈ ಸಮಯ ಎಣಿಕೆಯಾಗುತ್ತದೆ. ಜೊತೆಯವರಲ್ಲಿ ಒಬ್ಬರು ಗಡಿಯಾರ ನೋಡುತ್ತಿದ್ದರೆ ಮುಂದೆ ವಾದ ಬರುವುದಿಲ್ಲ.

ಹುಡುಕುವಾಗ ಹುಲ್ಲನ್ನು ಸರಿಸಬಹುದು, ಪೊದೆಯ ಕೊಂಬೆಗಳನ್ನು ಬಗ್ಗಿಸಬಹುದು, ಮರಳನ್ನೂ ನೀರನ್ನೂ ಕಲಕಬಹುದು. ನ್ಯಾಯವಾಗಿ ಹುಡುಕುವಾಗ ಕಡ್ಡಿಯೊಂದು ಮುರಿದು, ಅದರಿಂದ ಹೊಡೆತಕ್ಕೆ ತುಸು ಅನುಕೂಲವಾದರೂ ದಂಡವಿಲ್ಲ. ಆದರೆ ಹುಡುಕುವ ನೆಪದಲ್ಲಿ ಚೆಂಡಿನ ಸುತ್ತಲಿನ ಹುಲ್ಲನ್ನು ತುಳಿದು ಚಪ್ಪಟೆ ಮಾಡಿದರೆ ಅದು ಹುಡುಕಾಟ ಎನಿಸುವುದಿಲ್ಲ. ಅದಕ್ಕೆ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತಗಳನ್ನು ಎಣಿಸುವ ಆಟದಲ್ಲಿ) ಎರಡು ಹೊಡೆತಗಳ ದಂಡ, ಮ್ಯಾಚ್ ಪ್ಲೇಯಲ್ಲಿ (ಹೋಲ್ ಹೋಲಿಗೂ ಸೋಲು ಗೆಲುವು ನಿರ್ಧರಿಸುವ ಆಟದಲ್ಲಿ) ಆ ಹೋಲಿನ ಸೋಲು.

ಹುಡುಕುವಾಗ ಅಥವಾ ಗುರುತಿಸಲು ಯತ್ನಿಸುವಾಗ ನಿಮ್ಮ ಕಾಲು ತಾಗಿ ಚೆಂಡು ಆಕಸ್ಮಿಕವಾಗಿ ಸರಿದರೆ ಈಗ ದಂಡವಿಲ್ಲ. ಚೆಂಡನ್ನು ಮೊದಲಿದ್ದ ಜಾಗಕ್ಕೆ ಮರಳಿ ಇಟ್ಟು ಆಡಬೇಕು. ಆ ಜಾಗ ಸರಿಯಾಗಿ ಗೊತ್ತಿಲ್ಲದಿದ್ದರೆ ಅಂದಾಜು ಮಾಡಬೇಕು. ಮರಳಿ ಇಡದೆ, ಸರಿದ ಜಾಗದಿಂದಲೇ ಹೊಡೆದರೆ ಮಾತ್ರ ತಪ್ಪು ಜಾಗದಿಂದ ಆಡಿದ ದಂಡ ಬೀಳುತ್ತದೆ.

ಸಮಯದ ವಿಷಯದಲ್ಲಿ ಒಂದು ಅಂಶವನ್ನು ಅನೇಕರು ತಪ್ಪಾಗಿ ತಿಳಿದಿದ್ದಾರೆ. ಎರಡು ನಿಮಿಷ ಐವತ್ತು ಸೆಕೆಂಡಿನ ಹೊತ್ತಿಗೆ ದೂರದ ಪೊದೆಯಲ್ಲಿ ಒಂದು ಚೆಂಡು ಕಂಡಿತು ಎಂದುಕೊಳ್ಳೋಣ. ಅಲ್ಲಿಗೆ ನಡೆದುಹೋಗಿ ಅದು ತನ್ನದೇ ಎಂದು ನೋಡುವಷ್ಟರಲ್ಲಿ ಮೂರು ನಿಮಿಷ ಮೀರುತ್ತದೆ. ಹಾಗಿದ್ದರೂ ಚೆಂಡು ಕಳೆದುಹೋದಂತಲ್ಲ. ಅವಧಿಯೊಳಗೆ ಕಂಡ ಚೆಂಡನ್ನು ಗುರುತಿಸಲು ಸಮಂಜಸವಾದಷ್ಟು ಹೆಚ್ಚುವರಿ ಸಮಯ ಸಿಗುತ್ತದೆ. ಆದರೆ ತಡಮಾಡದೆ ಗುರುತಿಸಲು ಹೊರಡಬೇಕು. ಇದಕ್ಕೆ ವ್ಯತಿರಿಕ್ತವಾಗಿ, ಮೂರು ನಿಮಿಷ ಮುಗಿದ ನಂತರ ಮೊದಲ ಬಾರಿಗೆ ಕಂಡ ಚೆಂಡು ನಿಸ್ಸಂದೇಹವಾಗಿ ನಿಮ್ಮದೇ ಆಗಿದ್ದರೂ ಅದು ಕಳೆದುಹೋದ ಚೆಂಡು. ಅದನ್ನು ಹೊಡೆದರೆ ನಿಯಮದ ದೃಷ್ಟಿಯಲ್ಲಿ ನೀವು ಹೊಡೆದದ್ದು ತಪ್ಪು ಚೆಂಡು.

ಮೂರನೆಯ ಹಂತ: ಯಾವ ಆಧಾರದ ಮೇಲೆ ನನ್ನದು ಎನ್ನಬಹುದು?

ನಿಯಮ 7.2 ಮೂರು ಆಧಾರಗಳನ್ನು ಒಪ್ಪುತ್ತದೆ. ನಿಮ್ಮದೆಂದು ಗೊತ್ತಿರುವ ಚೆಂಡು ಅಲ್ಲಿಯೇ ಬಂದು ನಿಂತದ್ದನ್ನು ನೀವೋ ಇನ್ನಾರೋ ಕಣ್ಣಾರೆ ಕಂಡಿರುವುದು ಮೊದಲನೆಯದು. ಇಲ್ಲಿ ಕ್ಯಾಡಿ, ಎದುರಾಳಿ, ಪ್ರೇಕ್ಷಕ ಯಾರ ಸಾಕ್ಷ್ಯವಾದರೂ ಸಲ್ಲುತ್ತದೆ. ಮುಂದೆ ಹೋಗಿ ನಿಂತು ಚೆಂಡು ಬೀಳುವುದನ್ನು ಗಮನಿಸುವ ಕ್ಯಾಡಿಗಳ ಕೆಲಸಕ್ಕೆ ನಿಯಮದಲ್ಲೇ ಎಷ್ಟು ಬೆಲೆಯಿದೆ ಎಂಬುದನ್ನು ಇದರಿಂದ ತಿಳಿಯಬಹುದು. ಆದರೆ ಅವರು ಕಂಡಿರಬೇಕಾದದ್ದು ಚೆಂಡು ನಿಂತದ್ದನ್ನು. ಆ ಕಡೆಗೆ ಹಾರಿದ್ದನ್ನಷ್ಟೇ ಕಂಡಿದ್ದರೆ ಸಾಲದು.

ಚೆಂಡಿನ ಮೇಲಿರುವ ನಿಮ್ಮ ಸ್ವಂತ ಗುರುತನ್ನು ನೋಡುವುದು ಎರಡನೆಯದು. ಎಲ್ಲಕ್ಕಿಂತ ಗಟ್ಟಿಯಾದ ಆಧಾರ ಇದೇ. ಮೂರನೆಯದು, ನಿಮ್ಮ ಚೆಂಡು ಇರಬಹುದೆಂದು ನಿರೀಕ್ಷಿಸಿದ ಪ್ರದೇಶದಲ್ಲೇ ಅದೇ ಕಂಪನಿಯ, ಅದೇ ಮಾದರಿಯ, ಅದೇ ಅಂಕಿಯ, ಅದೇ ಸ್ಥಿತಿಯ ಚೆಂಡು ಸಿಕ್ಕಿರುವುದು. ಸ್ಥಿತಿ ಎಂಬ ಮಾತನ್ನು ಗಮನಿಸಿ. ನೀವು ಹೊಸ ಚೆಂಡನ್ನು ಹೊಡೆದಿದ್ದು, ಅಲ್ಲಿ ಸಿಕ್ಕಿದ್ದು ಮಳೆಬಿಸಿಲಿಗೆ ಹಳದಿಯಾದ ಚೆಂಡಾಗಿದ್ದರೆ, ಅಂಕಿ ಹೊಂದಿಕೊಂಡರೂ ಅದು ನಿಮ್ಮದಲ್ಲ. ಬೆಂಗಳೂರಿನ ನಡುವೆ ಇರುವ, 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್‌ನಂತಹ ಇಕ್ಕಟ್ಟಾದ ಕೋರ್ಸ್‌ಗಳಲ್ಲಿ ಪಕ್ಕದ ಹೋಲಿನವರ ಚೆಂಡು ಈ ಕಡೆಯ ಮರಗಳ ಬುಡಕ್ಕೆ ಬಂದು ಬೀಳಬಹುದು. ಹಾಗಾಗಿ ಕಂಪನಿಯ ಹೆಸರನ್ನಷ್ಟೇ ನೋಡಿ ಹೊಡೆಯಲು ನಿಲ್ಲಬಾರದು.

ಈ ಮೂರನೆಯ ಆಧಾರಕ್ಕೆ ಒಂದು ಮಿತಿಯೂ ಇದೆ. ಎಲ್ಲ ರೀತಿಯಲ್ಲೂ ಒಂದೇ ಆಗಿರುವ ಎರಡು ಚೆಂಡುಗಳು ಒಂದೇ ಕಡೆ ಸಿಕ್ಕು, ಯಾವುದು ಯಾರದೆಂದು ಹೇಳುವ ದಾರಿಯೇ ಇಲ್ಲದಿದ್ದರೆ, ಎರಡೂ ಚೆಂಡುಗಳು ಕಳೆದುಹೋದಂತೆಯೇ ಸರಿ. ಕಣ್ಣೆದುರಿಗೇ ಚೆಂಡುಗಳಿದ್ದರೂ ಇಬ್ಬರೂ ತಲಾ ಒಂದು ಹೊಡೆತದ ದಂಡ ಹೊತ್ತು, ಹಿಂದೆ ಹೊಡೆದ ಜಾಗಕ್ಕೆ ಮರಳಬೇಕು. ಗುರುತು ಹಾಕದಿರುವುದಕ್ಕೆ ಆಟಗಾರ ತೆರುವ ನಿಜವಾದ ಬೆಲೆ ಇದು.

ನಾಲ್ಕನೆಯ ಹಂತ: ಎತ್ತಿ ನೋಡುವ ರೀತಿ

ಚೆಂಡು ನಿಮ್ಮದಿರಬಹುದು ಎನಿಸುತ್ತದೆ, ಆದರೆ ಬಿದ್ದಿರುವಂತೆಯೇ ನೋಡಿದರೆ ಗುರುತು ಕಾಣುತ್ತಿಲ್ಲ. ಆಗ ಅದನ್ನು ಎತ್ತಿ, ಅಥವಾ ಇದ್ದಲ್ಲೇ ತಿರುಗಿಸಿ ನೋಡಲು ನಿಯಮ 7.3 ಅನುಮತಿ ಕೊಡುತ್ತದೆ. ಹೆಚ್ಚಿನ ದಂಡಗಳು ಬೀಳುವುದು ಈ ಹಂತದಲ್ಲೇ ಆದ್ದರಿಂದ ಇದನ್ನು ನಿಧಾನವಾಗಿ ತಿಳಿದುಕೊಳ್ಳಬೇಕು.

ಚೆಂಡನ್ನು ಮುಟ್ಟುವ ಮೊದಲೇ ಅದರ ಹಿಂಬದಿಗೆ ಅಥವಾ ಪಕ್ಕಕ್ಕೆ ತೀರಾ ಹತ್ತಿರದಲ್ಲಿ ನಾಣ್ಯ, ಟೀ ಅಥವಾ ಬಾಲ್ ಮಾರ್ಕರ್ ಇಟ್ಟು ಜಾಗವನ್ನು ಗುರುತು ಮಾಡಿ. ಎಲೆ, ಕಡ್ಡಿಗಳು ಇದಕ್ಕೆ ಸಲ್ಲವು; ಗುರುತಿನ ವಸ್ತು ಮನುಷ್ಯ ತಯಾರಿಸಿದ್ದಾಗಿರಬೇಕು. ಚೆಂಡನ್ನು ಎತ್ತದೆ ಬೆರಳಿನಿಂದ ತಿರುಗಿಸಿ ನೋಡುವುದಾದರೂ ಜಾಗವನ್ನು ಗುರುತು ಮಾಡಲೇಬೇಕು ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

2019ಕ್ಕೆ ಮುಂಚೆ, ಗುರುತಿಸಲು ಚೆಂಡನ್ನು ಎತ್ತುತ್ತೇನೆಂದು ಎದುರಾಳಿಗೋ ಸ್ಕೋರ್ ಬರೆಯುವವರಿಗೋ ಮೊದಲು ತಿಳಿಸಿ, ಅವರು ನೋಡಲು ಅವಕಾಶ ಕೊಡಬೇಕಿತ್ತು. ಈಗ ಅದು ಕಡ್ಡಾಯವಲ್ಲ. ಆದರೂ ಒಂದು ಮಾತು ಹೇಳಿ ಎತ್ತುವ ಹಳೆಯ ಪದ್ಧತಿಯನ್ನು ಬಿಡಬೇಡಿ ಎಂದೇ ನಾನು ಸಲಹೆ ಮಾಡುತ್ತೇನೆ. ದೂರದಿಂದ ನೋಡುವವರಿಗೆ, ದಟ್ಟ ಹುಲ್ಲಿನಲ್ಲಿ ಬಗ್ಗಿ ಚೆಂಡನ್ನು ಮುಟ್ಟುತ್ತಿರುವ ಆಟಗಾರ ಏನು ಮಾಡುತ್ತಿದ್ದಾನೆ ಎಂಬುದು ತಿಳಿಯುವುದಿಲ್ಲ. ಒಂದು ಮಾತಿನಿಂದ ಆ ಅನುಮಾನ ನಿವಾರಣೆಯಾಗುತ್ತದೆ.

ಎತ್ತಿದ ಚೆಂಡನ್ನು ಗುರುತು ಕಾಣುವಷ್ಟು ಮಾತ್ರ ಒರೆಸಬಹುದು. ಮಳೆಗಾಲದಲ್ಲಿ ನಮ್ಮ ಕೋರ್ಸ್‌ಗಳ ಒದ್ದೆ ನೆಲದಲ್ಲಿ ಬಿದ್ದ ಚೆಂಡಿಗೆ ಕೆಸರು ಮೆತ್ತಿಕೊಳ್ಳುವುದರಿಂದ ಈ ಮಿತಿ ಇಲ್ಲಿ ಮುಖ್ಯವಾಗುತ್ತದೆ. ಅಂಕಿಯ ಮೇಲಿನ ಕೆಸರನ್ನು ಬೆರಳಿನಿಂದ ತೆಗೆದಾಗ ನಿಮ್ಮ ಚುಕ್ಕೆ ಕಂಡರೆ ಅಲ್ಲಿಗೆ ನಿಲ್ಲಿಸಿ. ಉಳಿದ ಕೆಸರು ಹಾಗೆಯೇ ಇರಬೇಕು. ಕುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಜಾಗವಾದ ಗ್ರೀನ್ ಮೇಲೆ ಮಾತ್ರ ಈ ನಿರ್ಬಂಧವಿಲ್ಲ. ಇನ್ನೊಂದು ಸಂಗತಿಯೂ ಉಪಯುಕ್ತ: ಚೆಂಡು ಸಾಮಾನ್ಯ ಪ್ರದೇಶದಲ್ಲಿ (ಟೀ, ಗ್ರೀನ್, ಮರಳು ಮತ್ತು ನೀರಿನ ಪ್ರದೇಶಗಳ ಹೊರಗೆ) ತಾನೇ ಬಿದ್ದು ಮಾಡಿದ ಗುಂಡಿಯಲ್ಲಿ ಹೂತುಕೊಂಡಿದ್ದರೆ, ಅದು ನಿಮ್ಮದೇ ಎಂದು ಖಚಿತವಾದ ಮೇಲೆ ದಂಡವಿಲ್ಲದೆ ಪರಿಹಾರ ಪಡೆದು ಪಕ್ಕದಲ್ಲಿ ಡ್ರಾಪ್ ಮಾಡಬಹುದು (ಕೈಯಿಂದ ಕೆಳಕ್ಕೆ ಬಿಡಬಹುದು). ಆ ಪರಿಹಾರ ಪಡೆಯುವಾಗ ಚೆಂಡನ್ನು ಪೂರ್ತಿ ಒರೆಸಲು ಅಡ್ಡಿಯಿಲ್ಲ.

ಚೆಂಡು ನಿಮ್ಮದೇ ಆಗಿರಲಿ, ಬೇರೆ ಆಟಗಾರರದ್ದಾಗಿರಲಿ, ಮೊದಲಿದ್ದ ಜಾಗದಲ್ಲೇ ಮರಳಿ ಇಡಬೇಕು. ಹುಲ್ಲಿನ ಆಳದಲ್ಲಿದ್ದದ್ದನ್ನು ಹುಲ್ಲಿನ ಮೇಲೆ ಕೂರಿಸುವಂತಿಲ್ಲ. ಎತ್ತುವಾಗ ಆ ಜಾಗದ ಹುಲ್ಲು ಕೆದರಿ ಮೊದಲಿನ ಸ್ಥಿತಿ ಬದಲಾಗಿಬಿಟ್ಟಿದ್ದರೆ, ಒಂದು ಕ್ಲಬ್ ಉದ್ದದೊಳಗೆ, ಹೋಲಿಗೆ ಹತ್ತಿರವಾಗದಂತೆ, ಮೊದಲಿದ್ದ ಸ್ಥಿತಿಯನ್ನೇ ಹೆಚ್ಚು ಹೋಲುವ ಅತಿ ಸಮೀಪದ ಜಾಗದಲ್ಲಿ ಇಡಬೇಕು.

ಜಾಗವನ್ನು ಗುರುತು ಮಾಡದೆ ಎತ್ತಿದರೆ ಒಂದು ದಂಡ ಹೊಡೆತ. ಅಗತ್ಯಕ್ಕಿಂತ ಹೆಚ್ಚು ಒರೆಸಿದರೂ ಒಂದು. ನಿಮ್ಮ ಗುರುತು ಆಗಲೇ ಸ್ಪಷ್ಟವಾಗಿ ಕಾಣುತ್ತಿದ್ದರೂ ಸುಮ್ಮನೆ ಎತ್ತಿದರೂ ಒಂದು. ಗುರುತು ಮಾಡದೆ ಎತ್ತಿ ಅದನ್ನೇ ಒರೆಸಿಯೂ ಬಿಟ್ಟಿದ್ದರೆ, ಒರೆಸಿದ್ದಕ್ಕೆ ಪ್ರತ್ಯೇಕ ದಂಡ ಬೀಳುವುದಿಲ್ಲ. ಕ್ಯಾಡಿಯ ವಿಷಯದಲ್ಲೂ ಎಚ್ಚರವಿರಲಿ: ಗ್ರೀನ್‌ನ ಹೊರಗೆ ಕ್ಯಾಡಿ ನಿಮ್ಮ ಚೆಂಡನ್ನು ಎತ್ತಬೇಕಾದರೆ ನೀವು ಪ್ರತಿ ಸಲವೂ ಹೇಳಬೇಕು. ಬೆಳಿಗ್ಗೆ ಒಮ್ಮೆ ಹೇಳಿಟ್ಟ ಸಾಮಾನ್ಯ ಅನುಮತಿ ಇಡೀ ಸುತ್ತಿಗೆ ಸಾಲುವುದಿಲ್ಲ. ಕ್ಯಾಡಿ ಸಹಾಯ ಮಾಡುವ ಉತ್ಸಾಹದಲ್ಲಿ ಕೇಳದೆ ಎತ್ತಿಬಿಟ್ಟರೆ ದಂಡ ನಿಮಗೇ. ಇದನ್ನು ಸುತ್ತು ಆರಂಭವಾಗುವ ಮೊದಲೇ ಅವರಿಗೆ ಸೌಜನ್ಯದಿಂದ ತಿಳಿಸಿಬಿಡಿ.

ಮರಳು, ನೀರು ಮತ್ತು ಮರ

ಬಂಕರ್‌ನಲ್ಲಿ (ಮರಳು ತುಂಬಿದ ಗುಂಡಿಯಲ್ಲಿ) ಚೆಂಡನ್ನು ಗುರುತಿಸಲು ಎತ್ತುವಂತಿಲ್ಲ ಎಂಬ ನಂಬಿಕೆ ಇನ್ನೂ ಕೆಲವರಲ್ಲಿದೆ. 2008ಕ್ಕೆ ಮುಂಚೆ ಅದು ನಿಜವಾಗಿತ್ತು. ಅದಕ್ಕೆ ಬದಲಾಗಿ ಬಂಕರ್ ಮತ್ತು ನೀರಿನ ಪ್ರದೇಶದಲ್ಲಿ ತಪ್ಪು ಚೆಂಡನ್ನು ಹೊಡೆದರೂ ದಂಡವಿರಲಿಲ್ಲ. 2008ರಿಂದ ಅಲ್ಲಿಯೂ ಎತ್ತಿ ನೋಡಬಹುದು, ಹಾಗಾಗಿ ಅಲ್ಲಿಯೂ ತಪ್ಪು ಚೆಂಡಿಗೆ ದಂಡವುಂಟು. ಮರಳಿನಲ್ಲಿ ಹೂತಿರುವ ಚೆಂಡನ್ನು ಹುಡುಕಲು ಮರಳು ಸರಿಸಿದರೆ ತಪ್ಪಿಲ್ಲ. ಗುರುತಿಸಿದ ಮೇಲೆ ಮಾತ್ರ ಚೆಂಡನ್ನು ಅದೇ ಜಾಗದಲ್ಲಿಟ್ಟು, ಮೊದಲು ಇದ್ದಂತೆಯೇ ಮರಳನ್ನು ಮತ್ತೆ ಮುಚ್ಚಬೇಕು. ಪೂರ್ತಿ ಮುಚ್ಚಿಹೋಗಿದ್ದ ಚೆಂಡಾದರೆ, ಅದರ ಸಣ್ಣ ಭಾಗವೊಂದು ಕಾಣುವಂತೆ ಬಿಡಲು ನಿಯಮ ಅವಕಾಶ ಕೊಟ್ಟಿದೆ.

ಮರದಲ್ಲಿ ಸಿಕ್ಕಿಕೊಂಡ ಚೆಂಡಿನ ವಿಷಯ ಕಠಿಣ. ಕೊಂಬೆಗಳ ನಡುವೆ ಒಂದು ಚೆಂಡು ಕಾಣುತ್ತದೆ ಎಂದಮಾತ್ರಕ್ಕೆ ಅದು ನಿಮ್ಮದೆಂದು ಭಾವಿಸುವಂತಿಲ್ಲ. ಮೇಲೆ ಹೇಳಿದ ಆಧಾರಗಳಲ್ಲಿ ಒಂದಾದರೂ ಇರಲೇಬೇಕು. 2012ರ ಯುಎಸ್ ಓಪನ್ ಪಂದ್ಯಾವಳಿಯ ಕೊನೆಯ ಸುತ್ತಿನ ಐದನೆಯ ಹೋಲಿನಲ್ಲಿ ಇಂಗ್ಲೆಂಡಿನ ಲೀ ವೆಸ್ಟ್‌ವುಡ್ ಹೊಡೆದ ಚೆಂಡು ಮರದಿಂದ ಕೆಳಗೆ ಬೀಳಲೇ ಇಲ್ಲ. ದುರ್ಬೀನಿನಿಂದ ನೋಡಿದರೂ ಅದು ಅವರದೆಂದು ಗುರುತಿಸಲಾಗದೆ ಅವರು ಟೀಗೆ ಮರಳಬೇಕಾಯಿತು. ಇದಕ್ಕೆ ವಿರುದ್ಧವಾಗಿ, 2023ರ ಜನವರಿಯಲ್ಲಿ ದುಬೈ ಪಂದ್ಯದ ಹದಿನೇಳನೆಯ ಹೋಲಿನಲ್ಲಿ ಪ್ಯಾಟ್ರಿಕ್ ರೀಡ್ ಅವರ ಚೆಂಡು ತಾಳೆ ಜಾತಿಯ ಮರದಲ್ಲಿ ಸಿಕ್ಕಿಕೊಂಡಾಗ, ಮರದಲ್ಲಿದ್ದ ಹಲವು ಚೆಂಡುಗಳ ನಡುವೆ ಅವರು ಹಾಕಿಕೊಂಡಿದ್ದ ಗುರುತು ದುರ್ಬೀನಿನಲ್ಲಿ ಕಂಡಿತೆಂದು ರೆಫರಿ ಒಪ್ಪಿದ್ದರಿಂದ, ಅವರು ಟೀಗೆ ಮರಳದೆ ಒಂದು ದಂಡ ಹೊಡೆತದೊಂದಿಗೆ ಮರದ ಬಳಿಯೇ ಡ್ರಾಪ್ ಮಾಡಿದರು. ಟಿವಿಯಲ್ಲಿ ಚೆಂಡು ಬೇರೆ ಮರಕ್ಕೆ ಹೋದಂತೆ ಕಂಡಿತ್ತು ಎಂದು ಆಗ ಬಹಳ ಚರ್ಚೆಯಾಯಿತು. ಆದರೆ ನಿರ್ಣಯಕ್ಕೆ ಆಧಾರವಾದದ್ದು ಚೆಂಡಿನ ಮೇಲಿನ ಗುರುತು.

ಪ್ರೊವಿಷನಲ್ ಚೆಂಡು ಹೊಡೆದಿದ್ದರೆ

ಮೊದಲ ಚೆಂಡು ಕಳೆದಿರಬಹುದೆಂಬ ಅನುಮಾನದಿಂದ ಇನ್ನೊಂದು ಚೆಂಡನ್ನು ಹೊಡೆಯುವಾಗ, ಅದು ಪ್ರೊವಿಷನಲ್ ಎಂದು ಸ್ಪಷ್ಟವಾಗಿ ಹೇಳಿಯೇ ಹೊಡೆಯಬೇಕು. ಅದರ ಅಂಕಿ ಅಥವಾ ಗುರುತು ಮೊದಲ ಚೆಂಡಿಗಿಂತ ಬೇರೆಯಾಗಿರುವಂತೆ ನೋಡಿಕೊಳ್ಳಿ, ಅದನ್ನು ಜೊತೆಯವರಿಗೂ ತಿಳಿಸಿ. ಎರಡೂ ಚೆಂಡುಗಳು ಒಂದೇ ದಿಕ್ಕಿಗೆ ಹೋಗಿ, ಎರಡಕ್ಕೂ ಒಂದೇ ಗುರುತಿದ್ದು, ಸಿಕ್ಕಿದ್ದು ಯಾವುದೆಂದು ತಿಳಿಯದಿದ್ದರೆ ಅನುಮಾನದ ಲಾಭ ನಿಮಗೆ ಸಿಗುವುದಿಲ್ಲ. ಒಂದೇ ಚೆಂಡು ಸಿಕ್ಕರೆ ಅದನ್ನು ಪ್ರೊವಿಷನಲ್ ಎಂದೇ ಪರಿಗಣಿಸಬೇಕು. ಎರಡೂ ಸಿಕ್ಕರೆ ಒಂದನ್ನು ಆರಿಸಿ ಪ್ರೊವಿಷನಲ್ ಎಂದು ಆಡಬೇಕು, ಇನ್ನೊಂದು ಕಳೆದುಹೋದಂತೆ.

ತಪ್ಪು ಚೆಂಡನ್ನು ಹೊಡೆದುಬಿಟ್ಟರೆ

ಮ್ಯಾಚ್ ಪ್ಲೇಯಲ್ಲಿ ತಪ್ಪು ಚೆಂಡನ್ನು ಹೊಡೆದವರು ಆ ಹೋಲನ್ನು ಸೋಲುತ್ತಾರೆ. ಇಬ್ಬರು ಎದುರಾಳಿಗಳು ಪರಸ್ಪರರ ಚೆಂಡನ್ನು ಹೊಡೆದಿದ್ದರೆ ಮೊದಲು ಹೊಡೆದವರಿಗೆ ಸೋಲು. ಯಾರು ಮೊದಲು ಹೊಡೆದರೆಂದು ಗೊತ್ತಿಲ್ಲದಿದ್ದರೆ ದಂಡವಿಲ್ಲ. ಅದಲುಬದಲಾದ ಚೆಂಡುಗಳಿಂದಲೇ ಆ ಹೋಲನ್ನು ಮುಗಿಸಬೇಕು.

ಸ್ಟ್ರೋಕ್ ಪ್ಲೇಯಲ್ಲಿ ಎರಡು ಹೊಡೆತಗಳ ದಂಡ ಬೀಳುತ್ತದೆ, ತಪ್ಪನ್ನು ಸರಿಪಡಿಸುವುದೂ ಕಡ್ಡಾಯ. ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಟೀಯಿಂದ ಮೊದಲ ಹೊಡೆತ ಹೊಡೆದಿರಿ. ರಫ್‌ನಲ್ಲಿ, ಅಂದರೆ ಎತ್ತರದ ಹುಲ್ಲಿನಲ್ಲಿ, ಸಿಕ್ಕ ಚೆಂಡನ್ನು ಎರಡು ಸಲ ಹೊಡೆದು ಗ್ರೀನ್ ತಲುಪಿದ ಮೇಲೆ ಅದು ನಿಮ್ಮದಲ್ಲವೆಂದು ಗೊತ್ತಾಯಿತು. ಆ ಎರಡು ಹೊಡೆತಗಳು ಲೆಕ್ಕಕ್ಕೆ ಬರುವುದಿಲ್ಲ. ಹಿಂದೆ ಹೋಗಿ ನಿಮ್ಮ ಚೆಂಡನ್ನು ಹುಡುಕಿ ಹೊಡೆದರೆ, ಟೀಯ ಒಂದು ಹೊಡೆತಕ್ಕೆ ಎರಡು ದಂಡ ಸೇರಿ, ಅದು ನಿಮ್ಮ ನಾಲ್ಕನೆಯ ಹೊಡೆತವಾಗುತ್ತದೆ. ಹುಡುಕಲು ಹೊಸದಾಗಿ ಮೂರು ನಿಮಿಷ ಸಿಗುವುದಿಲ್ಲ; ಮೊದಲ ಸಲ ಬಳಸದೆ ಉಳಿದ ಸಮಯವಷ್ಟೇ ನಿಮ್ಮದು. ಆ ಅವಧಿಯಲ್ಲಿ ಚೆಂಡು ಸಿಗದಿದ್ದರೆ ಕಳೆದುಹೋದ ಚೆಂಡಿನ ಇನ್ನೊಂದು ದಂಡವೂ ಸೇರಿ, ಟೀಗೆ ಮರಳಿ ಐದನೆಯ ಹೊಡೆತ ಹೊಡೆಯಬೇಕಾಗುತ್ತದೆ. ನೀವು ಹೊಡೆದದ್ದು ಇನ್ನೊಬ್ಬ ಆಟಗಾರರ ಚೆಂಡಾಗಿದ್ದರೆ, ಅವರು ಅದೇ ಚೆಂಡನ್ನೋ ಬೇರೊಂದು ಚೆಂಡನ್ನೋ ಮೊದಲಿದ್ದ ಜಾಗದಲ್ಲಿಟ್ಟು ದಂಡವಿಲ್ಲದೆ ಆಡುತ್ತಾರೆ.

ಗ್ರೀನ್ ಮೇಲೆ ಗುರುತು ಮಾಡಿ ಎತ್ತಿದ ಚೆಂಡಿನ ಬದಲು ಜೇಬಿನಿಂದ ಬೇರೊಂದನ್ನು ತೆಗೆದಿಟ್ಟು ಹೊಡೆದರೆ ಅದು ತಪ್ಪು ಚೆಂಡಿನ ನಿಯಮಕ್ಕೆ ಬರುವುದಿಲ್ಲ. ಅದು ಅನುಮತಿಯಿಲ್ಲದೆ ಚೆಂಡು ಬದಲಿಸಿದಂತೆ; 2023ರಿಂದ ಅದಕ್ಕೆ ಒಂದು ಹೊಡೆತದ ದಂಡವಷ್ಟೇ.

ತಪ್ಪು ಚೆಂಡಿನ ತಪ್ಪನ್ನು ಸರಿಪಡಿಸಲು ಇರುವ ಗಡುವು ಮುಂದಿನ ಟೀ. ಅಲ್ಲಿ ಹೊಡೆತ ಹೊಡೆದುಬಿಟ್ಟರೆ, ಅಥವಾ ಕೊನೆಯ ಹೋಲಿನ ನಂತರ ಸ್ಕೋರ್‌ಕಾರ್ಡ್ ಒಪ್ಪಿಸಿಬಿಟ್ಟರೆ, ಆಟಗಾರ ಪಂದ್ಯದಿಂದಲೇ ಅನರ್ಹನಾಗುತ್ತಾನೆ. ಆದ್ದರಿಂದ ಹೋಲಿನಿಂದ ಚೆಂಡನ್ನು ತೆಗೆದುಕೊಂಡ ಕೂಡಲೇ, ಗ್ರೀನ್ ಬಿಟ್ಟು ಹೊರಡುವ ಮುನ್ನ, ಅದರ ಅಂಕಿಯನ್ನೂ ಗುರುತನ್ನೂ ಒಮ್ಮೆ ನೋಡಿ. ಅನುಮಾನವಿದ್ದರೆ ಜೊತೆಯವರನ್ನು ಅಲ್ಲಿಯೇ ನಿಲ್ಲಿಸಿ ಅವರ ಚೆಂಡುಗಳನ್ನೂ ನೋಡಲು ಹೇಳಿ.